ಅತ್ತಿಹಣ್ಣಿನೊಳಗೆ ಯಾರ ಸಾಕ್ಷಿ?

ಮಾನ್ಯರೇ,

ಕಳೆದ ಸಂಚಿಕೆಯ ಅತ್ತಿಮರದ ಲೇಖನ ಓದಿ ನೀವು ಬರೆದ ಪತ್ರ ತಲುಪಿದೆ. ಹೂವೂ ಹುಳುವೂ ಅಳತೆ ಕೊಟ್ಟು ಮಾಡಿಸಿದ ಹಾಗೆ ಒಂದಕ್ಕೊಂದು ಹೊಂದಿಕೊಂಡಿರುವುದನ್ನು ಬಣ್ಣಿಸಿದ ಲೇಖಕರು, ಮಾಡಿದವನ ಹೆಸರನ್ನೇ ಎತ್ತಲಿಲ್ಲ ಎಂಬುದು ನಿಮ್ಮ ಆಕ್ಷೇಪ. ‘ದೇವರಿದ್ದಾನೆ ಎನ್ನಲು ಇನ್ನೆಂಥ ಸಾಕ್ಷಿ ಬೇಕು?’ ಎಂದು ಕೇಳಿದ್ದೀರಿ. ಮುಂದಿನ ಸಂಚಿಕೆಯಲ್ಲಿ ಸಂಪಾದಕರ ಸ್ಪಷ್ಟೀಕರಣ ಬರಬೇಕೆಂದೂ ಒತ್ತಾಯಿಸಿದ್ದೀರಿ.

ನಿಮ್ಮ ಬೆರಗಿನ ಬಗ್ಗೆ ನನ್ನ ತಕರಾರಿಲ್ಲ. ಅತ್ತಿಯ ಹೂಗಳು ಕಾಯಿಯಂತೆ ಕಾಣುವ ಚೀಲದ ಒಳಮೈಗೆ ಅಂಟಿಕೊಂಡಿರುತ್ತವೆ. ಒಳಗೆ ಹೋಗಲು ತುದಿಯಲ್ಲಿ ಒಂದೇ ಕಿಂಡಿ. ಅದು ಎಷ್ಟು ಇಕ್ಕಟ್ಟೆಂದರೆ, ನುಗ್ಗುವ ಹೆಣ್ಣುಕಣಜದ ರೆಕ್ಕೆ ಸಾಮಾನ್ಯವಾಗಿ ಅಲ್ಲೇ ಮುರಿದು ಉದುರುತ್ತದೆ. ಹೊತ್ತು ತಂದ ಪರಾಗವನ್ನು ಹೂಗಳಿಗೆ ದಾಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅದು ಒಳಗೇ ಸಾಯುತ್ತದೆ. ಮುಂದೆ ಹುಟ್ಟುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳೊಡನೆ ಕೂಡುವುದು, ಅವು ಹೊರಹೋಗಲು ಗೋಡೆ ಕೊರೆಯುವುದು, ಅಲ್ಲಿಗೆ ಅವುಗಳ ಬದುಕು ಮುಗಿಯಿತು. ಇದನ್ನು ತಿಳಿದು ಕೈಮುಗಿಯಬೇಕು ಅನ್ನಿಸಿದರೆ ಯಾರೂ ನಗಬೇಕಿಲ್ಲ.

ಆದರೆ ಸಾಕ್ಷಿಯನ್ನು ಕಟಕಟೆಗೆ ಕರೆದ ಮೇಲೆ ಅದು ಹೇಳುವುದನ್ನೆಲ್ಲ ಕೇಳಬೇಕಾಗುತ್ತದೆ. ಅದೇ ಅತ್ತಿಕಾಯಿಯ ಹೊರಮೈ ಮೇಲೆ ಬೇರೆ ಜಾತಿಯ ಕಣಜಗಳು ಬಂದು ಕೂರುತ್ತವೆ. ಕೂದಲೆಳೆಯಂಥ ಉದ್ದನೆಯ ನಳಿಕೆಯನ್ನು ಸಿಪ್ಪೆಯೊಳಗೆ ಇಳಿಸಿ ಹೊರಗಿನಿಂದಲೇ ಮೊಟ್ಟೆಯಿಡುತ್ತವೆ. ಪರಾಗ ತರುವ ಗೋಜಿಗೆ ಹೋಗುವುದಿಲ್ಲ. ಅವುಗಳ ಮರಿಗಳಲ್ಲಿ ಕೆಲವು, ಪರಾಗ ತಂದವಳ ಮರಿಗಳ ಅನ್ನವನ್ನೇ ಕಸಿಯುತ್ತವೆ, ಇಲ್ಲವೇ ಆ ಮರಿಗಳನ್ನೇ ತಿನ್ನುತ್ತವೆ. ಆ ನಳಿಕೆಯ ಕುಸುರಿಯೇನು ಕಡಿಮೆಯದೇ? ದುಡಿಯುವ ಕಣಜದಲ್ಲಿ ಕರ್ತನ ಕೈ ಕಾಣುವುದಾದರೆ ಕದಿಯುವ ಕಣಜದಲ್ಲೂ ಕಾಣಬೇಕು. ಜೀವಂತ ಕಂಬಳಿಹುಳುವಿನ ಮೈಯೊಳಗೆ ಬೆಳೆಯುವ ಕಣಜದ ಮರಿಗಳನ್ನು ಕುರಿತು 1860ರಲ್ಲಿ ಡಾರ್ವಿನ್ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದದ್ದು ಇದೇ ಸಂಕಟವನ್ನು: ದಯಾಮಯನಾದ ಸರ್ವಶಕ್ತ ಇಂಥದ್ದನ್ನು ಬೇಕೆಂದೇ ಮಾಡಿದನೆಂದು ನಂಬಲು ಆತನಿಗೆ ಆಗಲಿಲ್ಲ. ಗ್ರೇ ಮಾತ್ರ ವಿಕಾಸವಾದವನ್ನು ಎತ್ತಿಹಿಡಿಯುತ್ತಲೇ ಕೊನೆತನಕ ಆಸ್ತಿಕರಾಗಿ ಉಳಿದರು. ಇದನ್ನು ನಿಮಗಿಂತ ಹೆಚ್ಚಾಗಿ ನಮ್ಮ ನಾಸ್ತಿಕ ಓದುಗರಿಗಾಗಿ ಹೇಳುತ್ತಿದ್ದೇನೆ. ಅವರ ಪತ್ರಗಳೂ ನನ್ನ ಮೇಜಿನ ಮೇಲೆ ಬೇಕಾದಷ್ಟಿವೆ.

ನಿಮ್ಮ ವಾದ ಹಳೆಯದು. ಹತ್ತನೆಯ ಶತಮಾನದ ನೈಯಾಯಿಕ, ಅಂದರೆ ನ್ಯಾಯದರ್ಶನದ ತಾರ್ಕಿಕ, ಉದಯನ ಅದನ್ನು ಬಿಗಿಯಾಗಿ ಕಟ್ಟಿದ್ದ: ಮಡಕೆ ‘ಕಾರ್ಯ’, ಅಂದರೆ ಕಾರಣದಿಂದ ಉಂಟಾದ ವಸ್ತು, ಅದಕ್ಕೊಬ್ಬ ಕುಂಬಾರನಿದ್ದಾನೆ, ಭೂಮಿ, ಮೊಳಕೆ ಮೊದಲಾದವೂ ಕಾರ್ಯವೇ, ಹಾಗಾಗಿ ಅವಕ್ಕೂ ಒಬ್ಬ ಕರ್ತನಿರಬೇಕು. ಇದನ್ನು ಒಪ್ಪದವರಲ್ಲಿ, ಸೃಷ್ಟಿಕರ್ತನನ್ನೇ ಒಪ್ಪದ ಜೈನರು, ಮೀಮಾಂಸಕರು ಇದ್ದದ್ದು ಸಹಜ. ಆದರೆ ಸಾಕ್ಷಾತ್ ರಾಮಾನುಜಾಚಾರ್ಯರೇ ಒಪ್ಪಲಿಲ್ಲ. ಬ್ರಹ್ಮಸೂತ್ರಗಳಿಗೆ ಬರೆದ ವ್ಯಾಖ್ಯಾನವಾದ ಶ್ರೀಭಾಷ್ಯದಲ್ಲಿ ಅವರು ಎತ್ತುವ ಪ್ರಶ್ನೆಗಳು ನಾಸ್ತಿಕನ ಬಾಯಿಂದ ಬಂದಂತಿವೆ. ಜಗತ್ತೆಲ್ಲ ಒಂದೇ ಸಲ ಆಯಿತೆಂದು, ಒಬ್ಬನೇ ಮಾಡಿದನೆಂದು ಹೇಗೆ ಹೇಳುವುದು? ನಾವು ಕಂಡ ಕರ್ತರಿಗೆಲ್ಲ ಶರೀರವಿದೆ, ಮಿತಿಗಳಿವೆ. ಆ ಹೋಲಿಕೆಯಿಂದ ಸರ್ವಜ್ಞನೂ ಸರ್ವಶಕ್ತನೂ ಆದ ಒಬ್ಬನಿದ್ದಾನೆಂದು ಸಿದ್ಧವಾಗುವುದು ಹೇಗೆ? ಈಶ್ವರನನ್ನು ತಿಳಿಸುವುದು ಶಾಸ್ತ್ರ ಮಾತ್ರ, ಕಂಡದ್ದರಿಂದ ಕಾಣದ್ದನ್ನು ಊಹಿಸುವ ‘ಅನುಮಾನ’ ಅದಕ್ಕೆ ಪ್ರಮಾಣವಲ್ಲ ಎಂಬುದು ಅವರ ನಿಲುವು. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಇಂಗ್ಲಿಷಿನಲ್ಲಿ ಇಂಥದ್ದೇ ಆಕ್ಷೇಪ ಎತ್ತಿದ ಪುಸ್ತಕ ಅಚ್ಚಾದದ್ದು 1779ರಲ್ಲಿ, ಆರು ಶತಮಾನಕ್ಕೂ ಹೆಚ್ಚು ತಡವಾಗಿ. ಭಕ್ತಿಗಾಗಿಯೇ ಬದುಕಿದವರು ಮಡಕೆ-ಕುಂಬಾರರ ತರ್ಕವನ್ನು ಬೇಡವೆಂದದ್ದು ನನಗೆ ಬಹಳ ಮುಖ್ಯವೆನಿಸುತ್ತದೆ. ಅವರ ದೇವರು ಜೀವಶಾಸ್ತ್ರದ ಮುಂದಿನ ಸಂಶೋಧನೆಗೆ ಹೆದರಬೇಕಿರಲಿಲ್ಲ.

ಕಣ್ಣಿನ ಉದಾಹರಣೆಯನ್ನೂ ಕೊಟ್ಟಿದ್ದೀರಿ. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿಯೂ ಅದನ್ನೇ ಕೊಟ್ಟಿದ್ದ. ನಮ್ಮ ಕಣ್ಣಿನ ನರಗಳು ಬೆಳಕನ್ನು ಗ್ರಹಿಸುವ ಪರದೆಯಾದ ಅಕ್ಷಿಪಟಲದ ಮುಂದೆ ಹಾದು, ಅದನ್ನೇ ತೂರಿಕೊಂಡು ಹಿಂದಕ್ಕೆ ಹೋಗುವುದರಿಂದ ಅಲ್ಲೊಂದು ಕುರುಡು ಚುಕ್ಕೆ ಉಳಿದಿದೆ. ಆಕ್ಟೋಪಸ್ಸಿಗೆ ಅದಿಲ್ಲ. ಕಣ್ಣನ್ನು ಸಾಕ್ಷಿಗೆ ಕರೆಯುವವರು ಇದಕ್ಕೂ ಉತ್ತರ ಇಟ್ಟುಕೊಂಡಿರಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಕೊನೆಯ ಪ್ಯಾರಾ: ‘ನಿಯಮಗಳಿಂದ ಎಲ್ಲ ಆಯಿತೆನ್ನಿ, ಆ ನಿಯಮಗಳೇ ಯಾಕಿವೆ?’ ಇದು ಕಣ್ಣು, ಕಣಜಗಳ ಹಾಗೆ ನಾಳೆ ಪ್ರಯೋಗಾಲಯದಲ್ಲಿ ಬಗೆಹರಿಯುವ ಪ್ರಶ್ನೆಯಲ್ಲ. ಇಲ್ಲಿ ನೀವು ದೇವರೆಂದರೆ ಅಲ್ಲವೆನ್ನಲು ನನ್ನ ಬಳಿ ಏನೂ ಇಲ್ಲ, ಹೌದೆನ್ನಲೂ ಇಲ್ಲ. ವಿಶ್ವಕ್ಕೊಂದು ಆರಂಭವಿದೆ ಎಂಬ ಸಿದ್ಧಾಂತ ಮಂಡಿಸಿದ ಜಾರ್ಜ್ ಲಮೇತ್ರ್ ಸ್ವತಃ ಕ್ರೈಸ್ತ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್, ಆಧುನಿಕ ಖಗೋಳ ವಿಜ್ಞಾನ ಸೃಷ್ಟಿಗೆ ಸಾಕ್ಷಿ ನುಡಿಯುತ್ತಿದೆ ಎಂಬ ಅರ್ಥದಲ್ಲಿ ಮಾತಾಡಿದಾಗ ಹೆಚ್ಚು ಇರುಸುಮುರುಸಾದದ್ದು ಲಮೇತ್ರ್‌ಗೇ. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಪೂರ್ತಿ ಹೊರಗಿನದು ಎಂಬುದು ಆತನ ನಿಲುವು. ಪೂಜೆಯನ್ನೂ ಬಿಡಲಿಲ್ಲ, ಸಮೀಕರಣವನ್ನೂ ಬಿಡಲಿಲ್ಲ.

ಆದ್ದರಿಂದ ಸ್ಪಷ್ಟೀಕರಣ ಹಾಕುವುದಿಲ್ಲ. ಲೇಖಕರು ಕಂಡದ್ದನ್ನು ಬರೆದಿದ್ದಾರೆ. ಅದರಿಂದ ಏನನ್ನು ನಂಬಬೇಕೆಂಬುದನ್ನು ಓದುಗರಿಗೆ ಬಿಟ್ಟಿದ್ದಾರೆ. ಅವರು ‘ಇದರಲ್ಲಿ ದೇವರಿಲ್ಲ’ ಎಂದು ಬರೆದಿದ್ದರೆ ಆ ಸಾಲನ್ನೂ ನಾನು ಹೊಡೆದುಹಾಕುತ್ತಿದ್ದೆ. ನಿಮ್ಮ ಪತ್ರವನ್ನು ಮಾತ್ರ ಒಂದಕ್ಷರವೂ ಕತ್ತರಿಸದೆ ಇದೇ ಪುಟದಲ್ಲಿ ಅಚ್ಚುಹಾಕಿದ್ದೇವೆ.

— ಸಂ.