ಹೊಳೆಯ ಆಚೆ, ಈಚೆ

ರಾಣೆಬೆನ್ನೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಅವರ ದೊಡ್ಡಪ್ಪನಿಗೆ ಹೃದಯದ ಶಸ್ತ್ರಚಿಕಿತ್ಸೆ ಬಿಡಿಗಾಸಿಲ್ಲದೆ ಆಯಿತು. ಪಕ್ಕದ ಮನೆಯವರು ಮಾತ್ರ ಕಾರ್ಡ್ ಕೈಯಲ್ಲಿದ್ದರೂ ಕಾಲಿನ ಮೂಳೆ ಕೂಡಿಸಿಕೊಳ್ಳಲು 18 ಸಾವಿರ ರೂಪಾಯಿ ಕಟ್ಟಿದರು. ‘ಜಾಹೀರಾತಿನಲ್ಲಿ ಬರುವುದು ಎಷ್ಟು ಲಕ್ಷ ಕಾರ್ಡ್ ಹಂಚಿದರು ಎಂಬ ಲೆಕ್ಕ. ಯೋಜನೆ ಫಲ ಕೊಟ್ಟಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ?’ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಕಾರ್ಡ್ ಎಣಿಸಿದರೆ ಕಾರ್ಡ್ ಎಷ್ಟು ಎಂಬುದಷ್ಟೇ ಗೊತ್ತಾಗುತ್ತದೆ. ನಿಮ್ಮ ದೊಡ್ಡಪ್ಪನವರ ಉದಾಹರಣೆಯೂ ಸಾಲದು. ಯೋಜನೆ ಇರದಿದ್ದರೂ ಹೊಲ ಅಡವಿಟ್ಟು ಶಸ್ತ್ರಚಿಕಿತ್ಸೆ ಮಾಡಿಸುತ್ತಿದ್ದಿರೇನೋ. ಯೋಜನೆ ಸಿಕ್ಕವರನ್ನು, ಎಲ್ಲ ರೀತಿಯಲ್ಲೂ ಅವರಂತೆಯೇ ಇದ್ದು ಯೋಜನೆ ಸಿಗದವರ ಪಕ್ಕದಲ್ಲಿಟ್ಟು ನೋಡಬೇಕು. ಅಂಥ ಜೋಡಿ ಸಿಗುವುದು ಅಪರೂಪ. ಸಿಕ್ಕಿದ್ದು ನಿಮ್ಮ ಕಡೆಯೇ.

2010ರಲ್ಲಿ ಬಿಪಿಎಲ್ ಕುಟುಂಬಗಳಿಗೆಂದು ರಾಜ್ಯ ಸರ್ಕಾರದ ಉಚಿತ ಚಿಕಿತ್ಸೆಯ ಯೋಜನೆ ವಾಜಪೇಯಿ ಆರೋಗ್ಯಶ್ರೀ ಆರಂಭವಾದಾಗ ಅದು ಮೊದಲು ಬಂದದ್ದು ಗುಲ್ಬರ್ಗಾ ಮತ್ತು ಬೆಳಗಾವಿ ವಿಭಾಗಗಳಿಗೆ. ಹಾವೇರಿ ಒಳಗೆ, ದಾವಣಗೆರೆ ಹೊರಗೆ. ಕುಮಾರಪಟ್ಟಣದವರಿಗೆ ಉಂಟು, ತುಂಗಭದ್ರೆ ದಾಟಿದರೆ ಹರಿಹರದವರಿಗೆ ಇಲ್ಲ. ಜನ ಒಂದೇ, ಮಾತು ಒಂದೇ, ಸಂತೆಯೂ ಒಂದೇ. ನಡುವೆ ಇದ್ದದ್ದು ಆಡಳಿತದ ಗೆರೆ ಮಾತ್ರ. ಬೆಂಗಳೂರಿನ ಐಐಎಂನವರೂ ಇದ್ದ ಸಂಶೋಧಕರ ತಂಡವೊಂದು ಈ ಗೆರೆಯ ಇಬ್ಬದಿಯ 572 ಹಳ್ಳಿಗಳಲ್ಲಿ ಮನೆಮನೆ ವಿಚಾರಿಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿತು. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟಗಾಯ ಮುಂತಾಗಿ ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಯೋಜನೆಯಿದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. ಯೋಜನೆಗೆ ಸೇರದ ಕಾಯಿಲೆಗಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ನನ್ನನ್ನು ಒಪ್ಪಿಸಿದ್ದು ಈ ಕೊನೆಯ ಮಾತು. ಗೆರೆಯ ಆ ಕಡೆ ನೀರೋ ಗಾಳಿಯೋ ಒಳ್ಳೆಯದಿದ್ದಿದ್ದರೆ ಎಲ್ಲ ಬಗೆಯ ಸಾವೂ ಕಡಿಮೆಯಾಗಬೇಕಿತ್ತು.

ಆದರೂ ಇಷ್ಟು ದೊಡ್ಡ ಅಂತರ ನೋಡಿದರೆ ನನಗೆ ಸ್ವಲ್ಪ ಅನುಮಾನ. ಸಾವಿನ ಕಾರಣ ತಿಳಿದದ್ದು ಮನೆಯವರ ನೆನಪಿನಿಂದ. ಹಳ್ಳಿಯಲ್ಲಿ ‘ಎದೆನೋವು ಬಂದು ಹೋದರು’ ಎನ್ನುವುದರೊಳಗೆ ಹತ್ತು ಕಾಯಿಲೆ ಅಡಗಿರುತ್ತವೆ. ಆದರೆ ಒಂದು ಗಮನಿಸಿ: ಆ ಯೋಜನೆಯಲ್ಲಿ ಆಸ್ಪತ್ರೆಗಳೇ ಹಳ್ಳಿಗೆ ಬಂದು ತಪಾಸಣಾ ಶಿಬಿರ ನಡೆಸುತ್ತಿದ್ದವು, ಆಸ್ಪತ್ರೆಯಲ್ಲಿ ಕೈಹಿಡಿದು ನಡೆಸಲು ಆರೋಗ್ಯಮಿತ್ರ ಇರುತ್ತಿದ್ದರು. ರೋಗಿ ಆಸ್ಪತ್ರೆಯನ್ನು ಹುಡುಕಬೇಕಿರಲಿಲ್ಲ.

ಇದಕ್ಕೆ ಎದುರು ಸಾಕ್ಷ್ಯವೂ ನಮ್ಮ ರಾಜ್ಯದ್ದೇ. ವರ್ಷಕ್ಕೆ 30 ಸಾವಿರ ರೂಪಾಯಿ ಮಿತಿಯ ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ವಿಮೆಯನ್ನು ಗುಲ್ಬರ್ಗಾ ಮತ್ತು ಮೈಸೂರು ಜಿಲ್ಲೆಗಳ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಲ್ಲಿ ಚೀಟಿ ಎತ್ತಿದಂತೆ ಹಂಚಿ ಪರೀಕ್ಷಿಸಲಾಯಿತು. ವಿಮೆ ಬಳಸಿ ಆಸ್ಪತ್ರೆಗೆ ಹೋದವರು ಹೆಚ್ಚಿದರು. ಆರೋಗ್ಯ ಸುಧಾರಿಸಿದ್ದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ. ಕಾರ್ಡ್ ಒಯ್ಯಲು ಮರೆತವರು, ಎಲ್ಲಿ ತೋರಿಸಬೇಕೆಂದು ತಿಳಿಯದವರು, ತೋರಿಸಿಯೂ ಪ್ರಯೋಜನವಾಗದವರು ಅನೇಕರಿದ್ದರು. ನಿಮ್ಮ ನೆರೆಯವರು ಸೇರುವುದು ಈ ಗುಂಪಿಗೆ.

ಹಾಗಾಗಿ ಇಂದಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆ ನಾನು ಕೇಳುವುದು 5 ಲಕ್ಷದ ಮಿತಿಯನ್ನಲ್ಲ. ಆ ಮಿತಿ ಮುಟ್ಟುವ ಕುಟುಂಬಗಳು ಎಷ್ಟಿದ್ದಾವು? ಆಸ್ಪತ್ರೆಯ ಬಾಗಿಲವರೆಗೆ ಬಂದು ವಾಪಸಾದವರೆಷ್ಟು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರಕ್ಕೆ ಎಷ್ಟು ದಿನ ಅಲೆದರು, ಡಿಸ್ಚಾರ್ಜ್ ಆಗುವಾಗ ಜೇಬಿನಿಂದ ಎಷ್ಟು ತೆತ್ತರು ಎಂದು ಕೇಳುತ್ತೇನೆ. ಆಸ್ಪತ್ರೆಗಳು ಕಳಿಸುವ ಬಿಲ್ಲಿನಲ್ಲಿ ಇವು ಯಾವುವೂ ಇರುವುದಿಲ್ಲ, ಮನೆಗೆ ಹೋಗಿ ಕೇಳಿದರೆ ಮಾತ್ರ ಸಿಗುತ್ತವೆ.

ನಿಮ್ಮ ನೆರೆಯವರನ್ನು ಒಂದು ಮಾತು ವಿಚಾರಿಸಿ: ಆ 18 ಸಾವಿರಕ್ಕೆ ರಸೀದಿ ಕೊಟ್ಟರೇ? ಕೊಟ್ಟಿದ್ದರೆ ಅದರಲ್ಲಿ ಏನೆಂದು ಬರೆದಿದೆ? ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಮಾತು ಮುಂದುವರಿಸೋಣ.