ರೋಂಪರ್ ಸ್ಟೋಂಪರ್ ಗೂಂಡಾಗಳನ್ನು ಹೀರೋ ಮಾಡುತ್ತದಾ?

ನಮಸ್ಕಾರ. ಗ್ಲಾಡಿಯೇಟರ್ ನೋಡಿ ಇಷ್ಟಪಟ್ಟು ರಸೆಲ್ ಕ್ರೋನ ಹಳೆಯ ಚಿತ್ರ ಹುಡುಕುತ್ತಿದ್ದೇನೆ, 'ರೋಂಪರ್ ಸ್ಟೋಂಪರ್' ಜನಾಂಗ ದ್ವೇಷವನ್ನು ಮೆರೆಸುತ್ತದೆ ಅಂತಾರಲ್ಲ, ನಿಜವಾ ಅಂತ ಕೇಳಿದ್ದೀರಿ.

ನನ್ನ ಪ್ರಕಾರ ಇಲ್ಲ. ಆದರೆ ಹಾಗೆ ಅನ್ನುವವರು ಸುಮ್ನೆ ಅನ್ನುತ್ತಿಲ್ಲ. 1992ರ ಆಸ್ಟ್ರೇಲಿಯಾ ಚಿತ್ರ ಇದು, ನಿರ್ದೇಶಕ ಜೆಫ್ರಿ ರೈಟ್. ಮೆಲ್ಬರ್ನ್‌ನ ಫುಟ್ಸ್‌ಕ್ರೇ ಬಡಾವಣೆಯಲ್ಲಿ ತಲೆ ಬೋಳಿಸಿಕೊಂಡ ಹುಡುಗರ ಗುಂಪೊಂದು ವಿಯೆಟ್ನಾಂನಿಂದ ಬಂದವರ ಮೇಲೆ ಮುಗಿಬೀಳುತ್ತದೆ. ಈ ಗುಂಪಿನ ನಾಯಕ ಹ್ಯಾಂಡೋನ ಪಾತ್ರ ಕ್ರೋನದು. ತೊಂದರೆ ಏನಂದ್ರೆ, ಕ್ಯಾಮೆರಾ ಈ ಗುಂಪಿನ ಜೊತೆಗೇ ಓಡುತ್ತದೆ, ಸಂಗೀತ ಮೈ ಬಿಸಿ ಮಾಡುತ್ತದೆ. ಇದು ತಪ್ಪು ಅಂತ ಯಾರೂ ಬಂದು ಹೇಳುವುದಿಲ್ಲ. ಇದೇ ಕಾರಣಕ್ಕೆ ವಿಮರ್ಶಕ ಡೇವಿಡ್ ಸ್ಟ್ರಾಟನ್ ಟೀವಿಯಲ್ಲಿ ಇದಕ್ಕೆ ಅಂಕ ಕೊಡಲೇ ಇಲ್ಲ. ಆಮೇಲೆ ವೆನಿಸ್ ಚಿತ್ರೋತ್ಸವದಲ್ಲಿ ಸಿಕ್ಕಾಗ ನಿರ್ದೇಶಕ ರೈಟ್ ಈ ಸ್ಟ್ರಾಟನ್ ಮೇಲೆ ವೈನ್ ಎರಚಿದರಂತೆ!

ಆದರೆ ಕಥೆ ನೋಡಿ. ಪಬ್‌ನಲ್ಲಿ ಹೊಡೆದಾಟ ಶುರುವಾದ ಮೇಲೆ ವಿಯೆಟ್ನಾಂ ಹುಡುಗರು ದಂಡು ಕಟ್ಟಿಕೊಂಡು ಬರುತ್ತಾರೆ. ಆಗ ಈ ಶೂರರು ಬೀದಿ ಬೀದಿ ಓಡಿ ಗೋದಾಮಿನಲ್ಲಿ ಅಡಗುತ್ತಾರೆ. ಅಲ್ಲಿಂದಾಚೆ ಗುಂಪು ಒಳಗಿಂದಲೇ ಕೊಳೆಯುತ್ತಾ ಹೋಗುತ್ತದೆ. ಹೀರೋಗಿರಿ ಎಲ್ಲಿ ಬಂತು, ಅಲ್ವಾ? ನನಗೆ ಕೊರತೆ ಅನ್ನಿಸಿದ್ದು ಬೇರೆ: ವಿಯೆಟ್ನಾಂ ಕಡೆಯ ಒಬ್ಬರ ಮನೆಯೊಳಗೂ ಚಿತ್ರ ನಮ್ಮನ್ನು ಸರಿಯಾಗಿ ಕರೆದೊಯ್ಯುವುದಿಲ್ಲ.

ನೋಡಿ, ಆದರೆ ಮಕ್ಕಳ ಜೊತೆ ಬೇಡ. ಹ್ಯಾಂಡೋನ ಗೆಳೆಯ ಡೇವಿಯ ಪಾತ್ರ ಮಾಡಿದ ಡೇನಿಯಲ್ ಪೊಲಾಕ್ ಅವರನ್ನೂ ಗಮನಿಸಿ. ಚಿತ್ರ ತೆರೆಗೆ ಬರುವ ಮೊದಲೇ ತೀರಿಕೊಂಡರು, ಪಾಪ.