ಬೆನ್ನಿಗೆ ಕೂರದ ಡ್ರಮ್ಮು

ಪ್ರಶ್ನೆ: ವಾಣಿವಿಲಾಸ ಸಾಗರದಲ್ಲಿ ನೀರು ಇಳಿದಾಗ ಗಾಡಿಯಿಂದ ತೆಪ್ಪದವರೆಗೆ ಕಿಲೋಮೀಟರ್ ನಡೆಯಬೇಕು. 60 ಲೀಟರಿನ ನೀಲಿ ಡ್ರಮ್ಮಿನಲ್ಲಿ ಬಲೆ, ಬುತ್ತಿ ಸೇರಿ 20 ಕೆ.ಜಿ. ಭಾರ. ಹಗ್ಗ ಕಟ್ಟಿ ಹೊತ್ತರೆ ಹೆಗಲು ಕೊಯ್ಯುತ್ತದೆ, ಡ್ರಮ್ಮು ವಾಲುತ್ತದೆ. ಏನು ಮಾಡಲಿ?
— ಓದುಗರು, ಹಿರಿಯೂರು

ಉತ್ತರ: ಹಗ್ಗ ಬಿಡಿ, ಪಟ್ಟಿ ಹೊಲಿಸಿ. ಕೆನಡಾದಲ್ಲಿ ದೋಣಿ ಸಾಗದ ಕಡೆ ಸಾಮಾನು ಹೊತ್ತು ದಾಟಿಸುವವರು ಇಂಥದೇ ಡ್ರಮ್ಮನ್ನು ಬೆನ್ನಿಗೇರಿಸುತ್ತಾರೆ.

ನೈಲಾನ್ ಪಟ್ಟಿ ನೆನೆದರೆ ಹಿಗ್ಗುತ್ತದೆ. ಪಾಲಿಯೆಸ್ಟರ್ ಹೆಚ್ಚು ಹಿಗ್ಗದು. ಲಾರಿಯವರು ಸರಕು ಬಿಗಿಯುವ ರ‍್ಯಾಚೆಟ್ ಪಟ್ಟಿ ಪಾಲಿಯೆಸ್ಟರ್‌ದೇ. ಹೆದ್ದಾರಿ ಬದಿಯ ಲಾರಿ ಸಾಮಾನಿನ ಅಂಗಡಿಯಲ್ಲಿ ಕೇಳಿ. ಒಂದೂವರೆ ಇಂಚಿನದು 5 ಮೀಟರ್, ಎರಡು ಇಂಚಿನದು ಮೂರೂವರೆ ಮೀಟರ್ ಸಾಕು.

ಡ್ರಮ್ಮಿನ ಸುತ್ತ ಎರಡು ಪಟ್ಟಿ, ಒಂದೊಂದು ಒಂದೂವರೆ ಮೀಟರ್: ಒಂದು ಮೇಲಿನ ಅಂಚಿನ ಕೆಳಗೆ, ಇನ್ನೊಂದು ತಳದಿಂದ ಗೇಣು ಮೇಲೆ. ನುಣ್ಣನೆ ಪ್ಲಾಸ್ಟಿಕ್ ಮೇಲೆ ಇವು ಜಾರುತ್ತವೆ. ಅದಕ್ಕೇ ತಳದಡಿಯಿಂದ 2 ಮೀಟರ್ ಪಟ್ಟಿ ಹಾಯಿಸಿ ಎರಡಕ್ಕೂ ಹೊಲಿಯಬೇಕು. ಇದನ್ನು ಬಿಟ್ಟರೆ ನಡುದಾರಿಯಲ್ಲಿ ಡ್ರಮ್ಮು ಕೆಳಗಿಳಿಯುತ್ತದೆ.

ಹೆಗಲ ಪಟ್ಟಿ ಎರಡು ಇಂಚಿನದು. ಮೇಲಿನ ತುದಿಗಳ ನಡುವೆ ನಾಲ್ಕು ಬೆರಳು ಅಂತರ ಮಾತ್ರ, ಕೆಳಗಿನವು ಅಡಿಯಷ್ಟು ದೂರ. ಹೆಚ್ಚಿನವರು ತಪ್ಪುವುದು ಇಲ್ಲೇ: ಮೇಲೆ ಅಗಲ ಬಿಟ್ಟರೆ ಪಟ್ಟಿ ತೋಳಿಗೆ ಜಾರಿ, ಎಷ್ಟು ಬಿಗಿದರೂ ನಿಲ್ಲದು. ಹೆಗಲ ಪಟ್ಟಿಯ ಕೆಳಗೆ ಮೆತ್ತೆಗೆ ಚಪ್ಪಲಿ ಅಟ್ಟೆಯ ಗಟ್ಟಿ ಫೋಮ್, 10 ಮಿ.ಮೀ. ದಪ್ಪ. ಸೋಫಾ ಸ್ಪಂಜು ನೀರು ಕುಡಿದು ಚಪ್ಪಟೆಯಾಗುತ್ತದೆ. ಸೊಂಟಕ್ಕೂ ಒಂದು ಪಟ್ಟಿ ಇರಲಿ. ಭಾರದ ಅರ್ಧ ಅದರ ಮೇಲೇ ಕೂರಬೇಕು. ಡ್ರಮ್ಮು ಗುಂಡಗಿರುವುದರಿಂದ ಉರುಳದಂತೆ ಬೆನ್ನುಮೂಳೆಯ ಎಡಬಲಕ್ಕೆ ಫೋಮಿನ ಎರಡು ಉದ್ದ ಸುರುಳಿ ಕಟ್ಟಿ.

ಹೊಲಿಗೆಗೆ ಬೈಕ್ ಸೀಟ್ ಹೊಲಿಯುವವರ ಬಳಿಗೇ ಹೋಗಿ, ಪಾಲಿಯೆಸ್ಟರ್ ದಾರ ಹಾಕಿಸಿ. ಹತ್ತಿ ದಾರ ಕೊಳೆಯುತ್ತದೆ. ಪ್ರತಿ ಜೋಡಣೆಗೂ ಚೌಕಾಕಾರದ ಹೊಲಿಗೆ, ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡಗೆರೆಗಳು. ಪಟ್ಟಿಯ ತುದಿ ಮೇಣದಬತ್ತಿಗೆ ಹಿಡಿದು ಸೀಲ್ ಮಾಡಿ.

ತುಂಬುವಾಗ ಭಾರದ ವಸ್ತು ಮೇಲೆ, ಬೆನ್ನಿನ ಕಡೆಗೆ. ಮುಚ್ಚಳ ಬಿಗಿಯುವ ಬಳೆಯ ಕೊಂಡಿ ತಲೆಯತ್ತ ತಿರುಗಿರದಿರಲಿ.

ಪ್ರಶ್ನೆ: ಹಣೆಗೆ ಪಟ್ಟಿ ಕಟ್ಟಿ ಹೊರಬಹುದೇ?
— ಓದುಗರು, ಚನ್ನಗಿರಿ

ಉತ್ತರ: ಕೆನಡಾದ ತುಪ್ಪಳ ವ್ಯಾಪಾರದ ದೋಣಿಯಾಳುಗಳು ಹಾಗೆಯೇ 41 ಕೆ.ಜಿ. ತೂಕದ ಎರಡೆರಡು ಗಂಟು ಹೊರುತ್ತಿದ್ದರು. ಆದರೆ ಪಟ್ಟಿ ಕೂರಬೇಕಾದ್ದು ಹಣೆಗಲ್ಲ, ಕೂದಲಂಚಿಗಿಂತ ಸ್ವಲ್ಪ ಹಿಂದೆ, ನೆತ್ತಿಯ ಮೇಲೆ. ಅಲ್ಲಿ ಮೂರು ಇಂಚು ಅಗಲವಿರಲಿ. ಅಭ್ಯಾಸವಿಲ್ಲದ ಕತ್ತಿಗೆ 5 ಕೆ.ಜಿ.ಯಿಂದ ಶುರು ಮಾಡಿ. ಕತ್ತು ನೋವಿನವರು ಮುಟ್ಟಲೇಬೇಡಿ. ಸೂಳೆಕೆರೆಯ ಕೆಸರಂಚಿನಲ್ಲಂತೂ ಬೇಡ, ಕಾಲು ಜಾರಿದರೆ ಭಾರ ತಲೆಯನ್ನು ಹಿಂದಕ್ಕೆ ಎಳೆಯುತ್ತದೆ.